ಗಡಿಯಂಚಿನ ಶಿಬಿರಗಳು: ಹೈದರಾಬಾದ್ ವಿಮೋಚನಾ ಹೋರಾಟದ ಮರೆತ ನೆಲೆಗಳು ಮತ್ತು ನಮ್ಮ ತರಗತಿ

(ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರ ಪುನಶ್ಚೇತನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾವೆಲ್ಲರೂ ಮೂರು ದಿನಗಳಿಂದ ಒಂದು ‘ಶಿಬಿರ’ದಲ್ಲಿದ್ದೇವೆ. ಈ ಪದ ಇಂದು ನಮಗೆ ಅತ್ಯಂತ ಸೌಮ್ಯವಾದ ಪದ. ನೇತ್ರ ತಪಾಸಣಾ ಶಿಬಿರ, ರಕ್ತದಾನ ಶಿಬಿರ, ಬೇಸಿಗೆ ಶಿಬಿರ ಎಂದು ನಿತ್ಯ ಬಳಸುತ್ತೇವೆ. ಆದರೆ ಶಿಬಿರವೆಂದರೆ ಮೂಲತಃ ದಂಡು ಬೀಡುಬಿಟ್ಟ ಸ್ಥಳ. ನಾವು ಕುಳಿತಿರುವ ಈ ಸೀಮೆಯಲ್ಲಿ 1947 ಮತ್ತು 1948ರಲ್ಲಿ ಆ ಪದಕ್ಕೆ ಅದೇ ಅರ್ಥವಿತ್ತು. ಹಳೆಯ ತಲೆಮಾರಿನವರು ಅದನ್ನು ‘ಕ್ಯಾಂಪು’ ಎನ್ನುತ್ತಿದ್ದರು. ಆ ಕ್ಯಾಂಪುಗಳ ಬಗೆಗೆ ತಮ್ಮೊಂದಿಗೆ ಕೆಲವು ಮಾತುಗಳನ್ನು ಹಂಚಿಕೊಳ್ಳಲು ಬಯಸುತ್ತೇನೆ.

ಈ ವಿಷಯವನ್ನು ನಾನು ಆರಿಸಿಕೊಂಡುದಕ್ಕೆ ಕಾರಣವಿದೆ. ಗಡಿನಾಡಿನ ಕನ್ನಡ ಮಗುವಿಗೆ ಚರಿತ್ರೆಯ ಪಾಠದಲ್ಲಿ ತನ್ನ ಊರು ಸಿಗುವುದು ತೀರ ಅಪರೂಪ. ರಾಜಧಾನಿಗಳ ಕಥೆ ಸಿಗುತ್ತದೆ, ದೂರದ ಕೋಟೆಗಳ ಕಥೆ ಸಿಗುತ್ತದೆ. ತನ್ನ ಅಜ್ಜ ಅಜ್ಜಿಯರು ಕಣ್ಣಾರೆ ಕಂಡ ಒಂದು ದೊಡ್ಡ ಘಟನೆ ತನ್ನದೇ ಊರಿನ ಧರ್ಮಶಾಲೆಯಲ್ಲಿ, ತನ್ನದೇ ಊರಿನ ಮಠದ ಪಡಸಾಲೆಯಲ್ಲಿ ನಡೆಯಿತೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಎಷ್ಟೋ ಬಾರಿ ನಮಗೂ ತಿಳಿದಿರುವುದಿಲ್ಲ.

ಶಿಬಿರಗಳು ಹುಟ್ಟಿದ ಬಗೆ

ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ಹೈದರಾಬಾದ್ ಸಂಸ್ಥಾನವು 82,000 ಚದರ ಮೈಲಿಗೂ ಮಿಕ್ಕಿದ ವಿಸ್ತಾರವುಳ್ಳ, 16 ಜಿಲ್ಲೆಗಳ ರಾಜ್ಯ. ತೆಲುಗು, ಮರಾಠಿ, ಕನ್ನಡ, ಉರ್ದು ಮಾತನಾಡುವ ಜನ ಅಲ್ಲಿದ್ದರು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದರು. ಇಂದಿನ ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಭಾಗ. ಆಡಳಿತದ ಭಾಷೆ ಉರ್ದು. ಕನ್ನಡ ಮಗು ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಕಲಿತು ಬೆಳೆಯಬೇಕಿತ್ತು. ಗುಲಬರ್ಗಾದಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು ನಾಡಿನ ಎಚ್ಚರಕ್ಕೆ ಆಶ್ರಯವಾದದ್ದು ಇದರಿಂದಲೇ. ಮನೆಯ ಭಾಷೆಗೂ ಕಚೇರಿಯ ಭಾಷೆಗೂ ನಡುವೆ ನಿಂತ ಮಗುವಿನ ಪಾಡೇನೆಂಬುದನ್ನು ತಮಗೆ ನಾನು ವಿವರಿಸಬೇಕಾಗಿಲ್ಲ.

1938ರಲ್ಲಿ ಸ್ಟೇಟ್ ಕಾಂಗ್ರೆಸ್ ರೂಪುಗೊಂಡಾಗಲೇ ಅದರ ಮೇಲೆ ನಿಷೇಧ ಬಿತ್ತು. ಅದು ತೆರವಾದದ್ದು 1946ರಲ್ಲಿ. ಅಷ್ಟರಲ್ಲಿ ಬ್ರಿಟಿಷರು ಹೊರಡುವ ಕಾಲ ಸಮೀಪಿಸಿತ್ತು. ತಾನು ಸ್ವತಂತ್ರನಾಗಿ ಉಳಿಯುವೆನೆಂದು ನಿಜಾಮರು ಜೂನ್ 1947ರಲ್ಲಿ ಸಾರಿದರು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು 1947ರ ಆಗಸ್ಟ್ 7ರಂದು ಭಾರತ ಒಕ್ಕೂಟವನ್ನು ಸೇರಬೇಕೆಂಬ ಸತ್ಯಾಗ್ರಹವನ್ನು ಆರಂಭಿಸಿತು. ವಿದ್ಯಾರ್ಥಿಗಳು ಶಾಲೆ ಕಾಲೇಜು ತೊರೆದು ಹೊರಬಂದರು. ರೈತರು ಲೆವಿ ಧಾನ್ಯ ಕೊಡಲು ನಿರಾಕರಿಸಿದರು. ಸರ್ಕಾರಕ್ಕೆ ಅಬಕಾರಿ ವರಮಾನ ತರುತ್ತಿದ್ದ ಶಿಂದಿ ಮರಗಳನ್ನು ಜನ ಕಡಿದುರುಳಿಸಿದರು. ದೇಶವೆಲ್ಲ ಸ್ವಾತಂತ್ರ್ಯೋತ್ಸವ ಆಚರಿಸುತ್ತಿದ್ದಾಗ ಸ್ವಾಮೀಜಿಯವರು ಬಂಧಿತರಾದರು.

ರಮಾನಂದ ತೀರ್ಥರ ಬಗೆಗೆ ಒಂದು ಮಾತು. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದ ವೆಂಕಟೇಶ ಖೇಡಗೀಕರರು ಸನ್ಯಾಸ ಪಡೆಯುವ ಮೊದಲೂ ಅನಂತರವೂ ಶಿಕ್ಷಕರಾಗಿದ್ದರು. ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ, ಬಳಿಕ ಅಂಬಾಜೋಗಾಯಿಯಲ್ಲಿ ಪಾಠ ಹೇಳಿದರು. ಅವರ ಬಳಿ ಕಲಿತವರಲ್ಲಿ ಹಲವರು ಮುಂದೆ ಹೋರಾಟದ ಕಾರ್ಯಕರ್ತರಾದರು. ಈ ಸಂಗತಿ ನಮ್ಮ ವೃತ್ತಿಗೆ ಹೆಮ್ಮೆಯದು, ಹೊಣೆಯದೂ ಹೌದು.

ನಾಯಕರು ಸೆರೆಮನೆ ಸೇರಿದ ಮೇಲೆ ಕಾರ್ಯಕರ್ತರ ಮುಂದೆ ಒಂದೇ ದಾರಿ ಉಳಿಯಿತು. ಗಡಿ ದಾಟಿ ಒಕ್ಕೂಟದ ನೆಲದಲ್ಲಿ ನೆಲೆ ಮಾಡಿಕೊಂಡು, ಅಲ್ಲಿಂದ ಒಳಗೆ ಕಾರ್ಯ ನಡೆಸುವುದು. ದಿಗಂಬರರಾವ್ ಬಿಂದು ಅವರ ಮುಂದಾಳತ್ವದ ಕ್ರಿಯಾ ಸಮಿತಿ ಈ ಕಾರ್ಯವನ್ನು ವಹಿಸಿಕೊಂಡಿತು. ಸಂಸ್ಥಾನದ ಸುತ್ತ, ಸರಮಾಲೆಯ ಮಣಿಗಳಂತೆ, ಶಿಬಿರಗಳು ಎದ್ದವು. ಉತ್ತರದಲ್ಲಿ ಉಮರಖೇಡ, ಮನಮಾಡ. ಪಶ್ಚಿಮದಲ್ಲಿ ಬಾರ್ಶಿ, ಸೊಲ್ಲಾಪುರ. ಸೊಲ್ಲಾಪುರದಿಂದ ಗುಲಬರ್ಗಾ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ನಮ್ಮ ದುಧನಿ. ದಕ್ಷಿಣಕ್ಕೆ ಬಂದರೆ ಆಗಿನ ಧಾರವಾಡ ಜಿಲ್ಲೆಯ ಗದಗ, ಮುಂಡರಗಿ, ಗಜೇಂದ್ರಗಡ. ತುಂಗಭದ್ರೆಯ ಈಚೆ ದಂಡೆಯಲ್ಲಿ ಹೊಸಪೇಟೆಯ ಸೀಮೆ. ಕನ್ನಡ ಭಾಗದಲ್ಲಿ ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿ ಸ್ವಾಮಿಯವರು, ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಸಿದರು. ಶಿವಮೂರ್ತಿ ಸ್ವಾಮಿಯವರು ಮುಂದೆ 1952ರ ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಶಿಬಿರ ಕಟ್ಟಿದವರ ಮೇಲೆ ಜನ ಎಷ್ಟು ವಿಶ್ವಾಸವಿಟ್ಟಿದ್ದರು ಎಂಬುದಕ್ಕೆ ಇದೊಂದು ಸಾಕ್ಷಿ.

ಶಿಬಿರದ ದಿನಚರಿ

ಮಕ್ಕಳಿಗೆ ‘ಸೈನಿಕ ಶಿಬಿರ’ ಎಂದೊಡನೆ ಸಾಲುಸಾಲು ಡೇರೆ, ಸಮವಸ್ತ್ರ, ಫಿರಂಗಿ ಕಣ್ಣಿಗೆ ಬರುತ್ತವೆ. ಇಲ್ಲಿ ಅದಾವುದೂ ಇರಲಿಲ್ಲ. ಊರ ಹೊರಗಿನ ಧರ್ಮಶಾಲೆ, ಮಠ, ಹತ್ತಿಯ ಜಿನ್ನಿನ ಖಾಲಿ ಗೋದಾಮು, ಯಾರಾದರೂ ವ್ಯಾಪಾರಿ ಬಿಟ್ಟುಕೊಟ್ಟ ವಾಡೆ, ಇವೇ ಶಿಬಿರ. ಧಾನ್ಯ ಊರವರದು. ರೊಟ್ಟಿ ಊರ ತಾಯಂದಿರದು. ಸೈನ್ಯದಿಂದ ನಿವೃತ್ತರಾಗಿ ಬಂದವರು ಕವಾಯತು ಹೇಳಿಕೊಡುತ್ತಿದ್ದರು. ಹಳೆಯ ಬಂದೂಕು, ನಾಡಬಾಂಬು, ಕೊಡಲಿ, ಭರ್ಚಿ ಇಷ್ಟೇ ಆಯುಧ. ಇರುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ತರುಣರು. ಶಾಲೆ ಬಿಟ್ಟು ಬಂದ ಹುಡುಗರೂ ಇದ್ದರು.

ಶಿಬಿರಗಳು ಮುಖ್ಯವಾಗಿ ಮೂರು ಬಗೆಯ ಕೆಲಸ ಮಾಡಿದವು. ಮೊದಲನೆಯದು, ಒಳನಾಡಿನಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತರಿಗೆ ಅನ್ನ ಮತ್ತು ನೆರಳು ಒದಗಿಸುವುದು. ಎರಡನೆಯದು, ಗಡಿಯ ಹಳ್ಳಿಗಳನ್ನು ಕಾಯುವುದು. ಮೂರನೆಯದು, ರಾತ್ರಿ ಹೊತ್ತು ಗಡಿ ದಾಟಿ ನಿಜಾಮ ಸರ್ಕಾರದ ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸುವುದು, ಚಾವಡಿಯ ದಫ್ತರಗಳನ್ನು ಸುಡುವುದು. ಕರೋಡಗಿರಿಯೆಂದರೆ ಸುಂಕದ ಇಲಾಖೆ. ಈ ನಾಕೆಗಳನ್ನೇ ಏಕೆ ಆರಿಸಿಕೊಂಡರು ಎಂದು ಮಕ್ಕಳು ಕೇಳುತ್ತಾರೆ. ನಾಕೆಯೇ ಗಡಿಯ ಗುರುತು. ಈಚೆ ಕಲ್ದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ಸಂತೆಗೆ ಹೊರಟ ಹಳ್ಳಿಗನಿಗೆ ರಾಜ್ಯವೆಂಬುದು ಕಣ್ಣಿಗೆ ಕಾಣುತ್ತಿದ್ದುದು ಆ ನಾಕೆಯ ರೂಪದಲ್ಲಿ. ಅದು ಬಿದ್ದರೆ ರಾಜ್ಯ ಬಿದ್ದಂತೆಯೇ ಜನಕ್ಕೆ ತೋರುತ್ತಿತ್ತು. ಕೆಲವು ಗಡಿ ಹಳ್ಳಿಗಳಲ್ಲಿ 1948ರ ಬೇಸಿಗೆಯ ಹೊತ್ತಿಗೆ ನಿಜಾಮನ ಆಡಳಿತ ನಡೆಯುವುದೇ ನಿಂತಿತ್ತು.

ಇನ್ನೊಂದು ಕಡೆ ರಜಾಕಾರರ ಹಾವಳಿ ಏರುತ್ತ ಹೋಯಿತು. ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸಿದ ಈ ಸ್ವಯಂಸೇವಕ ದಳ ಶಸ್ತ್ರ ಹಿಡಿದು ಹಳ್ಳಿಗಳ ಮೇಲೆ ಬೀಳುತ್ತಿತ್ತು. 1948ರ ಮೇ 9ರಂದು ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಇಂದಿಗೂ ಆ ಸೀಮೆಯ ಜನರ ನೆನಪಿನಲ್ಲಿದೆ. ಅದೇ ತಿಂಗಳು, ದುಧನಿಯಿಂದ ಮುಂದಿನ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಪ್ರಯಾಣಿಕರ ಮೇಲೆ ದಾಳಿಯಾಯಿತು. ಸೊಲ್ಲಾಪುರ, ಬಾರ್ಶಿ, ವಿಜಯಪುರ, ಗದಗ, ಬಳ್ಳಾರಿಗಳತ್ತ ನಿರಾಶ್ರಿತರ ಪ್ರವಾಹವೇ ಹರಿಯಿತು. 1947ರ ನವೆಂಬರ್ 29ರಂದು ಒಂದು ವರ್ಷದ ಅವಧಿಗೆ ಆದ ಯಥಾಸ್ಥಿತಿ ಒಪ್ಪಂದ ಕಾಗದದ ಮೇಲೆ ಉಳಿಯಿತು. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ಭಾರತದ ಸೇನೆ ಸೊಲ್ಲಾಪುರದಿಂದ ಹೊರಟು ಮೊದಲ ದಿನವೇ ನಳದುರ್ಗವನ್ನು ಹಿಡಿಯಿತು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ನಮ್ಮ ಹಿರಿಯರು ಇದನ್ನು ಇಂದಿಗೂ ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ.

ಅಕ್ಕಲಕೋಟೆ ಸೀಮೆಯ ಒಂದು ಹಳ್ಳಿಗೆ ಶಾಲಾ ಭೇಟಿಗೆಂದು ಹೋಗಿದ್ದಾಗ, ಶಾಲೆಯ ಪಕ್ಕದ ಮನೆಯ ಅಜ್ಜಿಯೊಬ್ಬರು ಆ ದಿನಗಳ ಬಗ್ಗೆ ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. “ಕ್ಯಾಂಪಿನ ಹುಡುಗ್ರಿಗೆ ದಿನಾ ಮನಿಗೆ ಹತ್ತು ರೊಟ್ಟಿ ಅಂತ ನೇಮ ಇತ್ರಿ. ರೊಟ್ಟಿ, ಶೇಂಗಾ ಹಿಂಡಿ ಅರಿವ್ಯಾಗ ಕಟ್ಟಿ ಇಡತಿದ್ವಿ. ಹೆಸರು ಕೇಳೂ ಹಂಗಿದ್ದಿಲ್ಲ. ಒಂದಿನ ಗಂಟು ಹಂಗ ಉಳೀತು. ಯಾರೂ ಒಯ್ಯಾಕ ಬರಲಿಲ್ಲ.” ಅಜ್ಜಿ ಅಷ್ಟಕ್ಕೇ ನಿಲ್ಲಿಸಿದರು. ಆ ಗಂಟು ಏಕೆ ಉಳಿಯಿತು ಎಂದು ನಾನು ಕೇಳಲಿಲ್ಲ. ಶಿಬಿರದ ಚರಿತ್ರೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಮರೆವಿಗೆ ಕಾರಣ

ಇಷ್ಟು ದೊಡ್ಡ ಸಂಗತಿ ಮರೆಯಾದದ್ದು ಹೇಗೆ? ನಾನು ಕಂಡುಕೊಂಡ ಮುಖ್ಯ ಕಾರಣ ಒಂದೇ, ಅದು ಗಡಿ.

ಸೆಪ್ಟೆಂಬರ್ 17ನ್ನು ಕರ್ನಾಟಕದ ಕಲ್ಯಾಣ ಕರ್ನಾಟಕ ಜಿಲ್ಲೆಗಳು ವಿಮೋಚನೆಯ ದಿನವಾಗಿ ಆಚರಿಸುತ್ತವೆ. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣವೂ ತನ್ನದೇ ಹೆಸರಿನಲ್ಲಿ ನೆನೆಯುತ್ತದೆ. ಈ ಎಲ್ಲ ಆಚರಣೆಗಳೂ ವಿಮೋಚನೆಗೊಂಡ ನೆಲದವು. ಶಿಬಿರಗಳು ಇದ್ದದ್ದು ಆ ನೆಲದ ಹೊರಗೆ! ಸೊಲ್ಲಾಪುರ ಮರಾಠವಾಡಾದಲ್ಲಿ ಇಲ್ಲ. ಗದಗ, ಮುಂಡರಗಿಗಳು ಕಲ್ಯಾಣ ಕರ್ನಾಟಕದಲ್ಲಿ ಇಲ್ಲ. ಅಕ್ಕಲಕೋಟೆ ಆಗ ತಾನೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೇರೊಂದು ಸಂಸ್ಥಾನ. ಆಶ್ರಯ ಕೊಟ್ಟ ಊರುಗಳಿಗೆ ಬಿಡುಗಡೆಯ ದಿನವೇ ಇಲ್ಲ, ಏಕೆಂದರೆ ಅವು 1947ರಲ್ಲಿಯೇ ಬಿಡುಗಡೆ ಪಡೆದಿದ್ದವು ಅಥವಾ ಒಕ್ಕೂಟವನ್ನು ಸೇರಿದ್ದವು.

ಮುಂದೆ ಗಡಿಗಳೇ ಬದಲಾದವು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಗಿ ಮೂರು ಪಾಲಾಯಿತು. 1960ರಲ್ಲಿ ಮುಂಬಯಿ ರಾಜ್ಯವೂ ಒಡೆಯಿತು. ಮುಂಡರಗಿಗೂ ಕೊಪ್ಪಳಕ್ಕೂ ನಡುವೆ ಇದ್ದ ಅಂತರರಾಜ್ಯ ಗಡಿ ಇಂದು ಬರಿಯ ಜಿಲ್ಲೆಯ ಗಡಿ. ಸೊಲ್ಲಾಪುರಕ್ಕೂ ನಳದುರ್ಗಕ್ಕೂ ನಡುವೆಯೂ ಹಾಗೆಯೇ. ಆದರೆ ಅಕ್ಕಲಕೋಟೆಗೂ ಆಳಂದಕ್ಕೂ ನಡುವಿನ ಗೆರೆ ಅಳಿಯಲಿಲ್ಲ. ಅಂದು ನಿಜಾಮನ ಗಡಿಯಾಗಿದ್ದದ್ದು ಇಂದು ಎರಡು ರಾಜ್ಯಗಳ ಗಡಿ. ಪರಿಣಾಮವಾಗಿ ಶಿಬಿರದಲ್ಲಿ ಇದ್ದವರು ಒಂದು ರಾಜ್ಯದವರಾದರು, ಶಿಬಿರ ಇದ್ದ ಊರು ಇನ್ನೊಂದು ರಾಜ್ಯದ್ದಾಯಿತು. ಬೆಂಗಳೂರಿನಲ್ಲಿ ಬರೆದ ಪಾಠದಲ್ಲಿ ದುಧನಿ ಇಲ್ಲ, ಪುಣೆಯಲ್ಲಿ ಬರೆದ ಪಾಠದಲ್ಲಿ ದುಧನಿಗೆ ಬಂದು ನೆಲೆಸಿದ ಕನ್ನಡದ ಹುಡುಗರಿಲ್ಲ.

ಶಿಬಿರಗಳ ಸ್ವರೂಪವೂ ಮರೆವಿಗೆ ನೆರವಾಯಿತು. ಗುಟ್ಟಾಗಿ ನಡೆಯಬೇಕಾದ ಕೆಲಸವಾದ್ದರಿಂದ ಹಾಜರಿ ಪುಸ್ತಕ ಇಡುವಂತಿರಲಿಲ್ಲ. ದಶಕಗಳ ನಂತರ ಸ್ವಾತಂತ್ರ್ಯ ಯೋಧರ ಗೌರವಧನದ ಪ್ರಶ್ನೆ ಬಂದಾಗ ಸೆರೆಮನೆಗೆ ಹೋದವರ ಬಳಿ ಜೈಲಿನ ದಾಖಲೆಯಿತ್ತು. ಶಿಬಿರದಲ್ಲಿದ್ದವರ ಬಳಿ ಏನೂ ಇರಲಿಲ್ಲ. ಶಿಬಿರದ ಮುಖ್ಯಸ್ಥರು ಬರೆದುಕೊಡುವ ಪ್ರಮಾಣಪತ್ರವೇ ಆಧಾರವಾಯಿತು. ರೊಟ್ಟಿ ಬಡಿದುಕೊಟ್ಟ ತಾಯಂದಿರ ಹೆಸರನ್ನು ಬರೆದುಕೊಡುವವರು ಯಾರು? ಧರ್ಮಶಾಲೆಗಳು ಮತ್ತೆ ಧರ್ಮಶಾಲೆಗಳಾದವು, ಗೋದಾಮುಗಳಲ್ಲಿ ಮತ್ತೆ ಹತ್ತಿ ತುಂಬಿತು.

ನಾನು ಮಾಡಿದ ಒಂದು ತಪ್ಪು

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇದನ್ನು ಹೇಳದೆ ಈ ಪಾಠವನ್ನು ತಮ್ಮ ಕೈಗೆ ಕೊಡುವುದು ತಪ್ಪಾಗುತ್ತದೆ.

ಬಹಳ ವರ್ಷಗಳ ಹಿಂದೆ ಗಡಿಯ ಒಂದು ಪ್ರೌಢಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದಾಗ, ಶಾಲೆಯ ಸ್ನೇಹಸಮ್ಮೇಳನಕ್ಕೆ ಈ ಹೋರಾಟವನ್ನೇ ಒಂದು ರೂಪಕವಾಗಿ ಬರೆದು ಮಕ್ಕಳಿಂದ ಆಡಿಸಿದೆ. ರಜಾಕಾರನ ಪಾತ್ರವನ್ನು ಒಬ್ಬ ಮುಸ್ಲಿಂ ವಿದ್ಯಾರ್ಥಿಗೆ ಕೊಟ್ಟೆ. ಆ ಹುಡುಗ ಚೆನ್ನಾಗಿ ಉರ್ದು ಮಾತನಾಡುತ್ತಾನೆ, ಅದಕ್ಕೆ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಮಾರನೆಯ ದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವನ ತಂದೆ ಬಂದರು. ಸಂತೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವವರು. ಜಗಳವಾಡಲಿಲ್ಲ. “ಗುರುಗಳೇ, ನಮ್ಮಪ್ಪನೂ ಅದೇ ವರ್ಷ ಊರು ಬಿಟ್ಟು ಓಡಿ ಬಂದವ್ರು. ಯಾರಿಗೆ ಅಂಜಿ ಓಡಿ ಬಂದ್ರು ಅನ್ನೂದನ್ನ ಹುಡುಗಗ ನಾ ಇನ್ನಾ ಹೇಳಿಲ್ರಿ” ಎಂದರು. ಅಷ್ಟು ಹೇಳಿ ಕೈಮುಗಿದು ಹೊರಟರು.

ನಾನು ಎಂ.ಎ. ಮಾಡಿದ್ದೆ, ಎಂ.ಇಡಿ. ಮಾಡಿದ್ದೆ. ಆ ಒಂದು ವಾಕ್ಯದ ಅರ್ಥ ತಿಳಿಯಲು ಮತ್ತೆ ಓದಬೇಕಾಯಿತು. ಆ ವರ್ಷ ಓಡಿ ಬಂದವರು ಎರಡು ಬಗೆಯವರು. ಸೆಪ್ಟೆಂಬರ್‌ಗೆ ಮೊದಲು ರಜಾಕಾರರಿಗೆ ಅಂಜಿ ಬಂದವರು, ಸೆಪ್ಟೆಂಬರ್ ನಂತರ ಸೇಡಿಗೆ ಅಂಜಿ ಬಂದವರು. ನಿಜಾಮರು ಶರಣಾದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಭೀಕರವಾದ ಹಿಂಸೆ ನಡೆಯಿತು. ಅದನ್ನು ತಿಳಿಯಲು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ತಂಡವನ್ನು ಭಾರತ ಸರ್ಕಾರವೇ 1948ರ ಕೊನೆಯಲ್ಲಿ ಕಳುಹಿಸಿತು. ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಆ ತಂಡ ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಮೊದಲ ಮೂರೂ ನಮಗೆ ನೆರೆಯ ಜಿಲ್ಲೆಗಳು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಗಡಿಯಾಚೆಯಿಂದ ಬಂದ ಗುಂಪುಗಳೂ ಆ ಹಿಂಸೆಯಲ್ಲಿ ಭಾಗಿಯಾದುವೆಂದು ಅದರಲ್ಲಿದೆ. ಅದೇ ವೇಳೆ, ಪ್ರಾಣಕ್ಕೆ ಹೆದರದೆ ನೆರೆಯ ಮುಸ್ಲಿಮರನ್ನು ಮನೆಯೊಳಗೆ ಬಚ್ಚಿಟ್ಟು ಕಾಪಾಡಿದ ಹಿಂದೂಗಳ ಉಲ್ಲೇಖವೂ ಅದರಲ್ಲಿದೆ.

ಇನ್ನೊಂದು ಹೆಸರು ನನ್ನ ರೂಪಕದಲ್ಲಿ ಇರಬೇಕಿತ್ತು, ಇರಲಿಲ್ಲ. ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್. ಸಂಸ್ಥಾನ ಭಾರತವನ್ನು ಸೇರಬೇಕೆಂದು ಉರ್ದುವಿನಲ್ಲಿಯೇ ಬರೆದ ಕಾರಣಕ್ಕೆ 1948ರ ಆಗಸ್ಟ್‌ನಲ್ಲಿ ರಜಾಕಾರರು ಅವರನ್ನು ಕೊಂದರು. ಈ ಹೆಸರು ನನಗೆ ಆಗ ಗೊತ್ತಿದ್ದರೆ ಆ ಹುಡುಗನಿಗೆ ಈ ಪಾತ್ರ ಕೊಡುತ್ತಿದ್ದೆ ಎಂದು ಹಲವು ಬಾರಿ ಅಂದುಕೊಂಡಿದ್ದೇನೆ. ಈಗ ಅದೂ ಸರಿಯಲ್ಲವೆನಿಸುತ್ತದೆ. ಹೆಸರು ನೋಡಿ ಪಾತ್ರ ಹಂಚುವುದೇ ತಪ್ಪು, ಪಾತ್ರ ಒಳ್ಳೆಯದಿರಲಿ ಕೆಟ್ಟದಿರಲಿ.

ಹಾಗೆಂದು ಗೋರಟಾವನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಶಿಬಿರದ ತರುಣರ ತ್ಯಾಗವನ್ನು ತಗ್ಗಿಸುತ್ತಲೂ ಇಲ್ಲ. ಒಂದು ಸತ್ಯವನ್ನು ಹೇಳಲು ಇನ್ನೊಂದನ್ನು ನುಂಗಬೇಕಾಗಿಲ್ಲ. ಎರಡನ್ನೂ ಹೇಳಬಲ್ಲ ಶಿಕ್ಷಕನಿಗೆ ಮಕ್ಕಳು ಎರಡನ್ನೂ ನಂಬುತ್ತಾರೆ.

ತರಗತಿಯಲ್ಲಿ ಮಾಡಬಹುದಾದ ಕಾರ್ಯ

ಈ ಚರಿತ್ರೆಯನ್ನು ಸಂಗ್ರಹಿಸಲು ಗಡಿನಾಡಿನ ಕನ್ನಡ ಶಾಲೆಗಿಂತ ತಕ್ಕ ಸ್ಥಳ ಇಲ್ಲ. ಇದರ ಆಧಾರಗಳು ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕರಲ್ಲಿಯೂ ಹರಡಿಕೊಂಡಿವೆ. ಒಂದೇ ಭಾಷೆ ಬಲ್ಲ ವಿದ್ವಾಂಸನಿಗೆ ಕಾಲು ಭಾಗ ಮಾತ್ರ ದೊರೆಯುತ್ತದೆ. ನಮ್ಮ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯನ ಮನೆಯಲ್ಲಿ ದಖನಿ ಉರ್ದು ಕೇಳಿ ಬೆಳೆದಿರುತ್ತದೆ. ಇದನ್ನು ನಾವು ಬಹುಕಾಲ ಕೊರತೆಯೆಂದು ಎಣಿಸಿದೆವು. ಇಲ್ಲಿ ಇದೇ ಬಂಡವಾಳ. ಎಂಟನೆಯ, ಒಂಬತ್ತನೆಯ ತರಗತಿಗಳಿಗೆ ಹೊಂದುವ ಕೆಲವು ಕಾರ್ಯಗಳನ್ನು ಸೂಚಿಸುತ್ತೇನೆ.

1. ನಕ್ಷೆಯ ಕಾರ್ಯ. ತಮ್ಮ ತಾಲ್ಲೂಕಿನ ಸುತ್ತಣ ಪ್ರದೇಶದ ಬಿಳಿ ನಕ್ಷೆಯ ಮೇಲೆ ಮೂರು ಬಣ್ಣಗಳಲ್ಲಿ 1948ರ, 1956ರ ಮತ್ತು 1960ರ ಗಡಿಗಳನ್ನು ಮಕ್ಕಳಿಂದ ಗುರುತು ಮಾಡಿಸಿರಿ. ಯಾವ ಗೆರೆ ಉಳಿಯಿತು, ಯಾವುದು ಅಳಿಯಿತು ಎಂಬುದರ ಬಗೆಗೆ ಹತ್ತು ವಾಕ್ಯ ಬರೆಯಿಸಿರಿ. ಗಡಿಯನ್ನು ಮನುಷ್ಯರೇ ಎಳೆದರು, ಮನುಷ್ಯರೇ ಅಳಿಸಿದರು ಎಂಬ ತಿಳಿವಳಿಕೆ ಗಡಿನಾಡಿನ ಮಗುವಿಗೆ ದೊಡ್ಡ ಧೈರ್ಯ.

2. ಸ್ಥಳದ ಕಾರ್ಯ. ಊರಿನ ಹಳೆಯ ಧರ್ಮಶಾಲೆ, ಮಠ, ಜಿನ್ನು, ನಾಕೆಯ ಕಟ್ಟೆಗಳನ್ನು ಪಟ್ಟಿ ಮಾಡಿಸಿರಿ. ಪ್ರತಿಯೊಂದರ ಬಗ್ಗೆ ಮೂವರು ಹಿರಿಯರನ್ನು ಕೇಳಿಸಿರಿ. ಮೂವರ ಮಾತೂ ಒಂದೇ ಇರದು. ವ್ಯತ್ಯಾಸವನ್ನು ತಿದ್ದದೆ ಹಾಗೆಯೇ ಬರೆಯಲು ಹೇಳಿರಿ.

3. ಪದಕೋಶ. ಕರೋಡಗಿರಿ, ಹಾಲಿ ಸಿಕ್ಕಾ, ಕಲ್ದಾರ, ಲೆವಿ, ದಫ್ತರ, ಪೊಲೀಸ್ ಆಕ್ಷನ್ ಮುಂತಾದ ಪದಗಳನ್ನು ಮಕ್ಕಳು ಅಜ್ಜ ಅಜ್ಜಿಯರಿಂದ ಸಂಗ್ರಹಿಸಲಿ. ಪದದೊಡನೆ ಅದನ್ನು ಬಳಸಿದ ಒಂದು ವಾಕ್ಯವನ್ನೂ, ಹೇಳಿದವರ ನುಡಿಯಲ್ಲಿಯೇ, ಬರೆಯಲಿ. ‘ಬರತಿದ್ವಿ’ ಎಂದದ್ದನ್ನು ‘ಬರುತ್ತಿದ್ದೆವು’ ಎಂದು ತಿದ್ದಬೇಡಿರಿ. ಶಿಷ್ಟ ರೂಪವನ್ನು ಕಲಿಸಲು ಬೇರೆ ಪಾಠಗಳಿವೆ.

4. ಎರಡು ಮನೆಗಳ ನಿಯಮ. ಇದನ್ನು ತಾವು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ವಿನಂತಿಸುತ್ತೇನೆ. ಸೆಪ್ಟೆಂಬರ್‌ಗೆ ಮೊದಲು ನೊಂದ ಒಂದು ಮನೆಯ ಮಾತನ್ನು ತಂದರೆ, ಸೆಪ್ಟೆಂಬರ್ ನಂತರ ನೊಂದ ಒಂದು ಮನೆಯ ಮಾತನ್ನೂ ತರಬೇಕು. ಎರಡನೆಯ ಮನೆಗೆ ಮಕ್ಕಳನ್ನು ಕಳುಹಿಸುವ ಮೊದಲು ಶಿಕ್ಷಕರು ತಾವೇ ಹೋಗಿ ಕುಳಿತು ಮಾತನಾಡಬೇಕು. ಅವರು ಹೇಳಲು ಒಪ್ಪದಿದ್ದರೆ ಒತ್ತಾಯಿಸಬಾರದು. ‘ಹೇಳಲು ಇಷ್ಟಪಡಲಿಲ್ಲ’ ಎಂಬುದೂ ಒಂದು ದಾಖಲೆಯೇ.

5. ಕಾಪಾಡಿದವರ ಪಟ್ಟಿ. ಯಾರು ಯಾರನ್ನು ಹೊಡೆದರು ಎಂಬ ಪ್ರಶ್ನೆಯ ಜೊತೆಗೆ, ಯಾರು ಯಾರನ್ನು ಬಚ್ಚಿಟ್ಟರು ಎಂಬ ಪ್ರಶ್ನೆಯನ್ನೂ ತಪ್ಪದೆ ಕೇಳಿಸಿರಿ. ಹಗೇವಿನಲ್ಲಿ, ಬಣವೆಯ ಹಿಂದೆ, ದೇವರ ಕೋಣೆಯಲ್ಲಿ ಜೀವ ಉಳಿಸಿದ ಕಥೆಗಳು ಈ ಸೀಮೆಯ ಎಲ್ಲ ಜಾತಿ ಮತಗಳ ಮನೆಗಳಲ್ಲಿವೆ. ಕೇಳುವವರಿಲ್ಲದೆ ಅವು ಮೊದಲು ಅಳಿಯುತ್ತವೆ.

ಮೌಲ್ಯಮಾಪನದಲ್ಲಿ ಸರಿ ಉತ್ತರ ಎಂಬುದಕ್ಕೆ ಅಂಕ ಬೇಡ. ಕೇಳಿಸಿಕೊಂಡದ್ದನ್ನು ಪ್ರಾಮಾಣಿಕವಾಗಿ ಬರೆದಿದೆಯೇ, ಯಾರು ಹೇಳಿದರು, ಅವರು ಕಂಡದ್ದೋ ಕೇಳಿದ್ದೋ ಎಂದು ಗುರುತಿಸಿದೆಯೇ ಎಂಬುದನ್ನು ನೋಡಿರಿ. ‘ಕಂಡದ್ದು’ ಮತ್ತು ‘ಕೇಳಿದ್ದು’ ಇವುಗಳ ವ್ಯತ್ಯಾಸ ತಿಳಿದ ಮಗು ಅರ್ಧ ಚರಿತ್ರಕಾರನಾದಂತೆ.

ಕೊನೆಯ ಮಾತು

ಬಂಧುಗಳೇ, ಈ ಕೆಲಸಕ್ಕೆ ಹೆಚ್ಚು ಕಾಲ ಉಳಿದಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಶಿಬಿರದಲ್ಲಿ ಬಂದೂಕು ಹಿಡಿದವರಲ್ಲಿ ಬಹುತೇಕರು ಇಲ್ಲ. ಉಳಿದಿರುವವರು ಆಗ ಮಕ್ಕಳಾಗಿದ್ದವರು, ರೊಟ್ಟಿಯ ಗಂಟನ್ನು ಹೊತ್ತುಕೊಂಡು ಹೋಗಿ ಕೊಟ್ಟು ಬಂದವರು. ಮಕ್ಕಳ ಕಣ್ಣಿಗೆ ಕಂಡ ಹೋರಾಟ ಅದು. ಅದನ್ನು ಇನ್ನೊಂದು ಮಗು ಕೇಳಿ ಬರೆದುಕೊಳ್ಳುವುದಕ್ಕಿಂತ ಉಚಿತವಾದದ್ದು ಇಲ್ಲ.

ರೊಟ್ಟಿಯ ಗಂಟಿನ ಆ ಅಜ್ಜಿಯ ಮನೆಗೆ ನಾನು ಮರುವರ್ಷ ಮತ್ತೆ ಹೋದೆ. ಗಂಟು ಏಕೆ ಉಳಿಯಿತು ಎಂದು ಈ ಬಾರಿ ಕೇಳಬೇಕೆಂದು ನಿಶ್ಚಯಿಸಿಕೊಂಡಿದ್ದೆ. ಬಾಗಿಲಿಗೆ ಬೀಗವಿತ್ತು. ನಾಲ್ಕು ತಿಂಗಳ ಹಿಂದೆ ತೀರಿಕೊಂಡರೆಂದು ಪಕ್ಕದವರು ಹೇಳಿದರು. ನನ್ನ ಟಿಪ್ಪಣಿ ಪುಸ್ತಕದ ಆ ಪುಟ ಅರ್ಧಕ್ಕೇ ನಿಂತಿದೆ. ತಮ್ಮ ಊರಿನ ಪುಟಗಳು ಹಾಗಾಗದಿರಲಿ. ಮುಂದಿನ ವಾರ ಶಾಲೆಗೆ ಮರಳಿದಾಗ ಒಬ್ಬರನ್ನಾದರೂ ಕೇಳಿರಿ, ಒಂದು ಪುಟವನ್ನಾದರೂ ಬರೆಯಿಸಿರಿ.